ಕಲೆ ಬಂತೆ? ಫೋಟೊ ಕಳಿಸಿ

ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬರಬೇಕಾದ ಕಲೆಗಳು ಅರವತ್ನಾಲ್ಕಕ್ಕೆ ಮುಗಿಯುವುದಿಲ್ಲ. ವಾರಕ್ಕೆ ಆರು ದಿನ ಮೊಟ್ಟೆ ಎಣಿಸುವುದು ಒಂದು ಕಲೆ. ಮೊಟ್ಟೆ ತಿನ್ನದವರ ಬಾಳೆಹಣ್ಣಿನ ಲೆಕ್ಕ ಹೊಂದಿಸುವುದು ಇನ್ನೊಂದು. ನೆಟ್‌ವರ್ಕ್ ಸಿಗದ ಊರಲ್ಲಿ ಮಾಳಿಗೆ ಹತ್ತಿ, ಮೊಬೈಲನ್ನು ಆಕಾಶಕ್ಕೆ ಹಿಡಿದು ಎಸ್‌ಎಟಿಎಸ್ ಜಾಲತಾಣಕ್ಕೆ ಮಕ್ಕಳ ಮಾಹಿತಿ ಏರಿಸುವ ಭಂಗಿ ಯಾವ ನಾಟ್ಯಶಾಸ್ತ್ರದಲ್ಲೂ ಇಲ್ಲ. 2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆಂದು ಮನೆಮನೆ ತಿರುಗಿ, ಬೈಸಿಕೊಂಡೂ ನಗುನಗುತ್ತಾ ಮುಂದಿನ ಪ್ರಶ್ನೆ ಕೇಳಿದ್ದು ಅಪ್ಪಟ ಅಭಿನಯ. ಇಷ್ಟೆಲ್ಲ ಬಲ್ಲ ಇವರಿಗೆ ಹಾಡು, ಚಿತ್ರ, ನಾಟಕ ಮಾತ್ರ ಬಾರದು ಎಂದು ಮೇಲಿನವರಿಗೆ ಆಗಾಗ ಹೊಳೆಯುತ್ತದೆ. ಹೊಳೆದ ಮರುದಿನವೇ ಆದೇಶ: ಎರಡು ದಿನಗಳ ಕಲಾ ತರಬೇತಿ, ಗೈರಾದವರಿಗೆ ನೋಟಿಸ್.

ಸಿರುಗುಪ್ಪದ ಟೀಚರೊಬ್ಬರು ಬೆಳಿಗ್ಗೆಯೇ ಬಳ್ಳಾರಿ ಬಸ್ ಹತ್ತುತ್ತಾರೆ ಎಂದಿಟ್ಟುಕೊಳ್ಳಿ. ಬಸ್ಸು ತೆಕ್ಕಲಕೋಟೆ ಮೇಲೆ ಬರುತ್ತದೆ. ಅಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಸಂಸಾರ ಹೂಡಿದ್ದರು. 1963-64ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಗೆದು ತೋರಿಸಿದ ಜಾಗ ಅದು. ಟೀಚರು ಕಿಟಕಿಗೆ ತಲೆ ಕೊಟ್ಟು ಒಂದು ನಿದ್ದೆ ತೆಗೆಯುತ್ತಾರೆ. ಬಳ್ಳಾರಿಯಲ್ಲಿ ಇಳಿದು, ಸಹಿ ಹಾಕಿ, ಒಗ್ಗರಣೆ-ಮಿರ್ಚಿ ತಿಂದು ಕೂತರೆ ಗೋಡೆಯ ಮೇಲೆ ಮೊದಲ ಸ್ಲೈಡ್: 'ಆದಿಮಾನವನ ಕಲೆ'. ಚಿತ್ರ ಮಧ್ಯಪ್ರದೇಶದ ಭೀಮ್‌ಬೆಟ್ಕಾದ್ದು. ಬಳ್ಳಾರಿಯ ಮಗ್ಗುಲಲ್ಲೇ ಇರುವ ಕಪ್ಪಗಲ್ಲಿನ ಗುಡ್ಡದ ಬಂಡೆಗಳ ಮೇಲೆ ಗೂಳಿಗಳು, ಮನುಷ್ಯರು ಸಾಲುಗಟ್ಟಿದ್ದಾರೆ. ಬಡಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳಿವೆ. ನವಶಿಲಾಯುಗದ ಮನುಷ್ಯರು ಒಂದೇ ಗುಡ್ಡದಲ್ಲಿ ಚಿತ್ರವನ್ನೂ ಸಂಗೀತವನ್ನೂ ಸಾಧಿಸಿದ್ದರು. ಹಂಪಿಯೇನೋ 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು; ಕಪ್ಪಗಲ್ಲಿನ ಗುಡ್ಡ ನಮ್ಮಲ್ಲೇ ಉಳಿದಿದೆ. ಆದರೆ ಪಿಪಿಟಿ ಬಂದಿರುವುದು ಮೇಲಿನಿಂದ, ತಿದ್ದುವಂತಿಲ್ಲ.

ಹಿಂದಿನ ಬೆಂಚಿನಲ್ಲಿ ಪಿಸುಮಾತು.

"ಮೇಡಂ, ಇವತ್ತೇನಂತ್ರೀ?"

"ಕಲೆ ಅಂತ್ರೀ ಸರ್."

"ಅದು ಹೋದ್ ವರ್ಷಾನೇ ಮುಗೀತಲ್ರೀ?"

"ಅದು ಕಲಾ ಸಂಭ್ರಮ ರೀ. ಇದು ಕಲಾ ಸಮನ್ವಯ. ಸಹಿ ಮಾಡೋ ಪುಸ್ತಕ ಬ್ಯಾರೆ."

ಈ ಸಮನ್ವಯದ ಬಗ್ಗೆ ಎರಡು ಮಾತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಶಾಲೆಯ ಮುಖ್ಯ ವಿಷಯಗಳ ಸಾಲಿಗೇ ಸೇರಿಸಬೇಕು ಎಂದಿತು. 2020ರ ಶಿಕ್ಷಣ ನೀತಿ ಎಲ್ಲ ಪಾಠಗಳೊಳಗೂ ಕಲೆ ಬೆರೆಯಲಿ ಎಂದಿತು. ಎರಡೂ ಒಳ್ಳೆಯ ಮಾತೇ. ಆದರೆ ತಾಲ್ಲೂಕಿಗೆ ಇಳಿದು ಬರುವಷ್ಟರಲ್ಲಿ ಅದರ ಅರ್ಥ ಹೀಗಾಗಿರುತ್ತದೆ: ಕಲೆ ಒಂಟಿಯಾಗಿ ಶಾಲೆಯೊಳಗೆ ಬರುವಂತಿಲ್ಲ, ಗಣಿತವೋ ವಿಜ್ಞಾನವೋ ಕೈಹಿಡಿದು ಕರೆತರಬೇಕು. ಹದಿಮೂರರ ಮಗ್ಗಿಗೆ ಲಾವಣಿ ಧಾಟಿ, ಜಲಚಕ್ರಕ್ಕೆ ಕೋಲಾಟ. ಮಗ್ಗಿ ಬಂದರೆ ಕಲೆಯೂ ಬಂತೆಂದು ಲೆಕ್ಕ. ಲಾವಣಿಯನ್ನು ಲಾವಣಿಗಾಗಿ ಹಾಡಿದರೆ ಅದರ 'ಕಲಿಕಾ ಫಲ' ಏನು ಎಂದು ಮೇಲ್ವಿಚಾರಣೆಗೆ ಬಂದವರು ಕೇಳುತ್ತಾರೆ. ಮಗು ಖುಷಿಯಾಯಿತು ಎಂದು ಬರೆಯಲು ನಮೂನೆಯಲ್ಲಿ ಕಾಲಂ ಇಲ್ಲ.

ಕಾನೂನು ಇನ್ನೂ ರಸವತ್ತಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಕಲಾ ಬೋಧಕರು ಸಿಗುವುದು 6ರಿಂದ 8ನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ ನೂರು ದಾಟಿದರೆ, ಅದೂ ಅರೆಕಾಲಿಕ. 1ರಿಂದ 5ರವರೆಗಿನ ಮಕ್ಕಳಿಗೆ ಆ ಸಾಲೇ ಇಲ್ಲ. ಗೋಡೆ ಕಂಡರೆ ಗೀಚುವ, ಹಾಡು ಕೇಳಿದರೆ ಕುಣಿಯುವ ವಯಸ್ಸಿನಲ್ಲಿ ಕಲೆ ಬೇಡ. ಮೀಸೆ ಚಿಗುರಿ ನಾಚಿಕೆ ಶುರುವಾದ ಮೇಲೆ, ಊರಿನಲ್ಲಿ ನೂರೊಂದನೇ ಮಗು ಹುಟ್ಟಿದ್ದರೆ, ಅರ್ಧ ದಿನದ ಕಲೆ. ನೂರಕ್ಕೇ ನಿಂತ ಊರಿನವರು ಜನಸಂಖ್ಯೆಯ ಕಡೆ ಗಮನ ಕೊಡಬೇಕು. ಹಾಗೆಂದು ಮೌಲ್ಯಮಾಪನಕ್ಕೆ ವಿನಾಯಿತಿ ಉಂಟೆ? ಕಲಾ ಶಿಕ್ಷಣಕ್ಕೆ ಅವಧಿ ಇರಲಿ ಬಿಡಲಿ, ಪ್ರಗತಿ ಪತ್ರದಲ್ಲಿ ಗ್ರೇಡ್ ಇರಲೇಬೇಕು. ಹಾಡದ ಹಾಡಿಗೆ 'ಎ', ಬರೆಯದ ಚಿತ್ರಕ್ಕೆ 'ಬಿ ಪ್ಲಸ್'. ನವ್ಯಕಲೆ ಎಂದರೆ ಇದೇ ಇರಬೇಕು.

ಮಧ್ಯಾಹ್ನದ ಅವಧಿ 'ಪ್ರಾಯೋಗಿಕ'. ಎಲ್ಲರಿಗೂ ಒಂದೊಂದು ಡ್ರಾಯಿಂಗ್ ಶೀಟು, ಐವರಿಗೆ ಒಂದು ಸ್ಕೆಚ್ ಪೆನ್ ಪೆಟ್ಟಿಗೆ. "ನಿಮ್ಮ ಊರಿನ ದೃಶ್ಯ ಬರೀರಿ" ಎನ್ನುತ್ತಾರೆ ಸಂಪನ್ಮೂಲ ವ್ಯಕ್ತಿ. ಸ್ವಲ್ಪ ಹೊತ್ತಿಗೆ ಹಾಳೆಗಳೆಲ್ಲ ತುಂಬುತ್ತವೆ. ಎಲ್ಲದರಲ್ಲೂ ಎರಡು ತ್ರಿಕೋನ ಗುಡ್ಡ, ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ದಡದಲ್ಲೊಂದು ತೆಂಗಿನ ಮರ, ಹೆಂಚಿನ ಮನೆ, ಇಂಗ್ಲಿಷಿನ 'ವಿ' ಅಕ್ಷರದ ನಾಲ್ಕು ಹಕ್ಕಿ. ಕಿಟಕಿಯಾಚೆ ನಿಜವಾದ ಬಳ್ಳಾರಿ ಗುಡ್ಡ ಬಿಸಿಲಿಗೆ ಮೈಯೊಡ್ಡಿ ಮಲಗಿದೆ. ಮೈಯೆಲ್ಲ ಬಂಡೆ, ತಲೆಯ ಮೇಲೆ ಕೋಟೆ, ತ್ರಿಕೋನದ ಸುಳಿವೂ ಇಲ್ಲ. ಅದನ್ನು ಬರೆದವರು ಒಬ್ಬರೂ ಇಲ್ಲ. ಸಿರುಗುಪ್ಪದ ಭತ್ತದ ಗದ್ದೆ ಇಲ್ಲ, ಕುರುಗೋಡಿನ ದೊಡ್ಡಬಸವಣ್ಣ ಇಲ್ಲ, ಕೆಂಪಗೆ ಹರವಿದ ಮೆಣಸಿನಕಾಯಿ ಕಣ ಇಲ್ಲ.

ಇಲ್ಲಿ ನಗು ನಿಲ್ಲಿಸಬೇಕು. ಇದು ಶಿಕ್ಷಕರ ತಪ್ಪಲ್ಲ. ಮೂರನೇ ತರಗತಿಯಲ್ಲಿ ಅವರ ಮಾಸ್ತರು ಹಲಗೆಯ ಮೇಲೆ ಬರೆದ ಗುಡ್ಡ ಅದು. ಆ ಮಾಸ್ತರಿಗೆ ಅವರ ಮಾಸ್ತರು ಬರೆದುಕೊಟ್ಟದ್ದು. ಅಂದು ಕಾಗೆಯನ್ನು ಹಸಿರು ಬಣ್ಣದಲ್ಲಿ ಬರೆದು ಏಟು ತಿಂದ ಹುಡುಗಿಯೇ ಇಂದಿನ ಟೀಚರು. ಅವರ ಕೈಗೆ ಬಣ್ಣ ಮರಳಿ ಬರಬೇಕಾದರೆ ಮೊದಲು ಅವರೇ ತಪ್ಪುತಪ್ಪಾಗಿ ಬರೆಯಬೇಕು, ಅಪಸ್ವರದಲ್ಲಿ ಹಾಡಬೇಕು, ಯಾರೂ ಫೋಟೊ ಹೊಡೆಯದ ಕಡೆ ನಾಕು ಹೆಜ್ಜೆ ಕುಣಿಯಬೇಕು. ಅದಕ್ಕೆ ಸಮಯ ಎಲ್ಲಿದೆ? ಮೂರೂವರೆಗೆ ಗುಂಪು ಫೋಟೊ, ನಾಲ್ಕಕ್ಕೆ ಹಿಮ್ಮಾಹಿತಿ ನಮೂನೆ, ನಾಲ್ಕೂವರೆಗೆ ಸಿರುಗುಪ್ಪದ ಬಸ್ಸು.

ಇಷ್ಟಕ್ಕೂ ಕಲಿಸುವವರನ್ನು ಆರಿಸುವುದು ಹೇಗೆ? ಒಂದು ಆಯ್ಕೆ ಸಮಿತಿ ಇದೆ ಎಂದು ಕಲ್ಪಿಸಿಕೊಂಡು ಅದರ ಕಡತ ತೆರೆಯೋಣ.

ಅರ್ಜಿ ಒಂದು: ಕಪ್ಪಗಲ್ಲಿನ ನವಶಿಲಾಯುಗದ ಕಲಾವಿದರು. ಷರಾ: ಕೃತಿಗಳ ಮೇಲೆ ಸಹಿ, ದಿನಾಂಕ ಇಲ್ಲ. ಕೆಲಸದ ಅವಧಿ ಸಾವಿರಾರು ವರ್ಷ. ತರಬೇತಿ ಎರಡೇ ದಿನ. ಹೊಂದಾಣಿಕೆ ಆಗುವುದಿಲ್ಲ.

ಅರ್ಜಿ ಎರಡು: ಬಳ್ಳಾರಿ ರಾಘವ, ವಕೀಲರು. 1946ರಲ್ಲಿ ನಿಧನ. ಕನ್ನಡ, ತೆಲುಗು, ಇಂಗ್ಲಿಷ್ ರಂಗಭೂಮಿಗಳಲ್ಲಿ ನಟಿಸಿದವರು. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ಆ ಕಾಲದಲ್ಲೇ ಪಟ್ಟು ಹಿಡಿದವರು. ಷರಾ: ಡಿ.ಎಡ್. ಇಲ್ಲ. ತಿರಸ್ಕೃತ. ಅವರ ಹೆಸರಿನ ಕಲಾಮಂದಿರವನ್ನು ಸಮಾರೋಪಕ್ಕೆ ಕಾಯ್ದಿರಿಸಬಹುದು.

ಅರ್ಜಿ ಮೂರು: ದರೋಜಿ ಈರಮ್ಮ, ಬುರ್ರಕಥೆ. 2014ರಲ್ಲಿ ನಿಧನ. ಇಡೀ ಕಾವ್ಯಗಳು ಕಂಠಸ್ಥ. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ. ಷರಾ: ಓದು ಬರಹ ಬಾರದು. ಹಿಮ್ಮಾಹಿತಿ ನಮೂನೆ ತುಂಬಿಸುವುದು ಹೇಗೆ?

ಅರ್ಜಿ ನಾಲ್ಕು: ಬೆಳಗಲ್ಲು ವೀರಣ್ಣ, ತೊಗಲುಗೊಂಬೆ. 2023ರಲ್ಲಿ ನಿಧನ. ರಾಮಾಯಣದ ಬೊಂಬೆಗಳ ಪರದೆಯ ಮೇಲೆ ಗಾಂಧಿಯನ್ನೂ ನಡೆಸಿದವರು. ಷರಾ: ಪ್ರದರ್ಶನದ ಜಿಪಿಎಸ್ ಫೋಟೊದಲ್ಲಿ ಬೊಂಬೆ ಮಾತ್ರ ಇದೆ, ಕಲಾವಿದರ ಮುಖ ಕಾಣುತ್ತಿಲ್ಲ.

ಅರ್ಜಿ ಐದು: ಕುರುಗೋಡು ಸೀಮೆಯ ಬಯಲಾಟದ ಮಾಸ್ತರು. ಇವರ ಅರ್ಜಿಯನ್ನು ಸಮಿತಿ ನಿಧಾನವಾಗಿ ಓದಬೇಕಿತ್ತು. ಏಕೆಂದರೆ ವಯಸ್ಕರಿಗೆ ಕಲೆ ಕಲಿಸುವ ವಿದ್ಯೆ ಈ ಸೀಮೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಇವರಿಗೇ. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಇಳಿಯುತ್ತಾರೆ. ಹಗಲೆಲ್ಲ ಭತ್ತದ ಮೂಟೆ ಹೊತ್ತವನು, ಟ್ರ್ಯಾಕ್ಟರ್ ಓಡಿಸಿದವನು, ಕ್ಷೌರದಂಗಡಿಯವನು ರಾತ್ರಿ ಗುಡಿಯ ಮುಂದೆ ಸೇರುತ್ತಾರೆ. ಓದು ಬಾರದವನಿಗೆ ಮಾತನ್ನು ಬಾಯಿಂದ ಬಾಯಿಗೆ ದಾಟಿಸುತ್ತಾರೆ. ತಾಳ ತಪ್ಪುವವನನ್ನು ಮದ್ದಲೆಯ ಪಕ್ಕ ನಿಲ್ಲಿಸುತ್ತಾರೆ. ದನಿ ದೊಡ್ಡದಿರುವವನಿಗೆ ಭೀಮ, ಸಣ್ಣದಿರುವವನಿಗೆ ಸಾರಥಿ. ತಿಂಗಳುಗಟ್ಟಲೆ ಹೀಗೇ ತಿದ್ದಿ ತೀಡಿ, ಒಂದು ರಾತ್ರಿ ಅಟ್ಟ ಹತ್ತಿಸಿ ಬೆಳಗಿನವರೆಗೆ ಆಡಿಸುತ್ತಾರೆ. ಖರ್ಚು ಪಾತ್ರಧಾರಿಗಳದ್ದೇ, ಟಿಎ ಇಲ್ಲ, ಡಿಎ ಇಲ್ಲ. ಷರಾ: ಜಿಎಸ್‌ಟಿ ಬಿಲ್ ಇಲ್ಲ.

ಆಯ್ಕೆಯಾದವರು: ನಿನ್ನೆ ಗಣಿತ ಕಿಟ್ ತರಬೇತಿ ಕೊಟ್ಟವರೇ. ನಾಳೆ ಅವರಿಗೆ ಅಗ್ನಿ ಸುರಕ್ಷತೆ ಇದೆ.

ದಾರಿಯೇ ಇಲ್ಲ ಎಂದೇನಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ, ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮಿನ ಮಾತೆತ್ತಿದ್ದರು. ಅದನ್ನು ನಡೆಸಿದ ಸೇವಾಗ್ರಾಮದಲ್ಲಿ ಚಿತ್ರ ಕಲಿಸಿದ ದೇವಿ ಪ್ರಸಾದ್, ಕಲೆ ಶಿಕ್ಷಣದ ಅಲಂಕಾರವಲ್ಲ, ಅಡಿಪಾಯ ಎಂದು ಪುಸ್ತಕವನ್ನೇ ಬರೆದರು. ನಮ್ಮ ಕಾಲದಲ್ಲೂ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ 'ಕಲಿ-ಕಲಿಸು' ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಕಲಾವಿದರಿಗೂ ನೆರವು ಕೊಟ್ಟು, ಊರಿನ ಕಲೆಯನ್ನೇ ತರಗತಿಗೆ ತರಿಸುತ್ತಿದೆ. ಅಲ್ಲಿನ ಗುಟ್ಟು ದೊಡ್ಡದೇನಲ್ಲ: ಶಿಕ್ಷಕರು ತಮ್ಮ ಶಾಲೆಯಲ್ಲೇ, ತಮ್ಮ ಮಕ್ಕಳ ಜೊತೆಗೇ, ನಿಧಾನವಾಗಿ ಕಲಿಯಲಿ ಎಂಬುದಷ್ಟೆ. ಆದರೆ ನಿಧಾನದ ಫೋಟೊ ತೆಗೆಯುವುದು ಹೇಗೆ? ವಾಟ್ಸಾಪ್ ಗುಂಪಿನಲ್ಲಿ ಸಂಜೆ ಐದರೊಳಗೆ ಬೀಳಬೇಕಾದದ್ದು ಫೋಟೊ. ಅದಕ್ಕಾಗಿಯೇ ಪ್ರತಿಭಾ ಕಾರಂಜಿಯ ದಿನ ಬಾಡಿಗೆ ಕಿರೀಟದ ಕೃಷ್ಣ, ಹತ್ತಿ ಗಡ್ಡದ ಋಷಿ ಗೆಲ್ಲುತ್ತಾರೆ. ಬಯಲಾಟದ ಅಟ್ಟದ ಮುಂದೆ ಗೋಣಿಚೀಲ ಹಾಸಿ ಕೂತು ದುರ್ಯೋಧನನ ಇಡೀ ಮಾತು ಬಾಯಿಪಾಠ ಮಾಡಿಕೊಂಡ ಹುಡುಗ ಮರುದಿನ ತರಗತಿಯಲ್ಲಿ ತೂಕಡಿಸಿ ಬೈಸಿಕೊಳ್ಳುತ್ತಾನೆ.

ಹಾಗಾಗಿ ನನ್ನದೊಂದು ಸಣ್ಣ ಬೇಡಿಕೆ ಪಟ್ಟಿ. ಒಂದನೇ ತರಗತಿಯಿಂದಲೇ ವಾರಕ್ಕೆರಡು ಅವಧಿ ಕಲೆಗೆ, ಗಣಿತದ ಕಾವಲಿಲ್ಲದೆ. ತರಬೇತಿ ಎರಡು ದಿನದ್ದಾಗದೆ ವರ್ಷವಿಡೀ, ಶಾಲೆಯ ಅಂಗಳದಲ್ಲೇ. ಬಯಲಾಟದ ಮಾಸ್ತರಿಗೆ ಗೌರವಧನ, ಬಿಳಿ ಹಾಳೆಯ ಮೇಲಿನ ರಸೀದಿಗೆ. ಟೀಚರಿಗೆ ಮೊಟ್ಟೆ ಲೆಕ್ಕದಿಂದ ಬಿಡುವು.

ದುಡ್ಡು ಎಲ್ಲಿಂದ ಎಂದು ಬೇರೆ ಜಿಲ್ಲೆಯವರು ಕೇಳಲಿ, ಬಳ್ಳಾರಿಯವರು ಕೇಳಬಾರದು. 2015ರ ಗಣಿ ಕಾಯ್ದೆಯ ತಿದ್ದುಪಡಿ ಹುಟ್ಟಿಸಿದ ಜಿಲ್ಲಾ ಖನಿಜ ಪ್ರತಿಷ್ಠಾನ ಇಲ್ಲಿದೆ. ಅದರ ಹಣ ಹೋಗಬೇಕಾದ ಆದ್ಯತೆಯ ಬಾಬತ್ತುಗಳಲ್ಲಿ ಶಿಕ್ಷಣವೂ ಒಂದು. ಒಂದು ಕಾಲದಲ್ಲಿ ಹಡಗುಗಟ್ಟಲೆ ಕೆಂಪು ಅದಿರಿನ ಮಣ್ಣನ್ನು ಚೀನಾಕ್ಕೆ ಕಳಿಸುವಾಗ ಯಾರ ಅಪ್ಪಣೆಗೂ ಕಾಯದ ಜಿಲ್ಲೆ ಇದು. ಮಕ್ಕಳ ಕೈಗೆ ಒಂದು ಹಿಡಿ ಜೇಡಿಮಣ್ಣು ಕೊಡಬೇಕೆಂದರೆ ಮಾತ್ರ ಆಡಳಿತಾತ್ಮಕ ಅನುಮೋದನೆ ಬೇಕಂತೆ, ಮೂರು ಪ್ರತಿಗಳಲ್ಲಿ.