ಕೊನೆಯ ಬೆಂಚಿನ ವಾಚಸ್ಪತಿ

ನಮ್ಮ ಎಸ್‌.ಎಸ್‌.ಎಲ್‌.ಸಿ. ತರಗತಿಯ ಕೊನೆಯ ಬೆಂಚಿನಲ್ಲಿ ಗೋಡೆಗೊರಗಿ, ಮುಂದೆ ಕುಳಿತವನ ಬೆನ್ನನ್ನೇ ಕೋಟೆಯಾಗಿಸಿಕೊಂಡು, ವರ್ಷವಿಡೀ ತುಟಿ ಬಿಚ್ಚದೆ ಕಳೆದ ಮಹಾನುಭಾವನೊಬ್ಬನಿದ್ದನು. ಮೇಷ್ಟ್ರು ಇಲ್ಲದ ವೇಳೆಯಲ್ಲಿ ಮಾನೀಟರು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದ ‘ಮಾತನಾಡಿದವರು’ ಎಂಬ ಪಟ್ಟಿಯಲ್ಲಿ ನಮ್ಮೆಲ್ಲರ ಹೆಸರೂ ಒಂದಲ್ಲ ಒಂದು ದಿನ ಬಂದು ಬೆತ್ತದ ರುಚಿ ಕಂಡಿದ್ದರೂ ಈತನದು ಮಾತ್ರ ಬಂದುದಿಲ್ಲ. “ಮಾತಿಲ್ಲ ಎಂಬುದು ಯಾವ ಸಂಧಿಯೋ?” ಎಂದು ಕನ್ನಡ ಮೇಷ್ಟ್ರು ಒಮ್ಮೆ ಇವನನ್ನು ಎಬ್ಬಿಸಿ ಕೇಳಲು, ಲೋಪಸಂಧಿಯೆಂದು ಅಕ್ಕಪಕ್ಕದ ಮೂವರು ಪಿಸುಗುಟ್ಟಿದಾಗ್ಯೂ, ಮಾತಿಲ್ಲದೆ ನಿಂತು, ಉದಾಹರಣೆಯನ್ನೇ ಉತ್ತರವಾಗಿ ಒಪ್ಪಿಸಿದನು.

ಆ ಮೌನವೊಡೆಯಲು ನಲವತ್ತು ವರ್ಷಗಳೂ ಒಂದು ವಾಟ್ಸಾಪ್ ಗುಂಪೂ ಬೇಕಾದುವು. ಈಗ ಅವನರಿಯದ ಶಾಸ್ತ್ರವಿಲ್ಲ. ಬೆಳಗಿನ ಐದಕ್ಕೆ ತಾವರೆಯ ಮೇಲೆ ಅಚ್ಚಾದ ಶುಭೋದಯದೊಡನೆ ಆರಂಭವಾಗುವ ಪ್ರವಚನವು ಸಕ್ಕರೆ ಕಾಯಿಲೆಗೆ ಬೆಂಡೆಕಾಯಿ ನೆನೆಸಿದ ನೀರು, ಕಾವೇರಿಯ ವ್ಯಾಜ್ಯ, ಗ್ರಹಣಕಾಲದ ಭೋಜನನಿಷೇಧ ಮೊದಲಾದ ಪ್ರಕರಣಗಳನ್ನು ದಾಟಿ, ನಾವು ಹಾಸಿಗೆ ಸೇರಿದ ಮೇಲೂ ದಿಂಬಿನ ಪಕ್ಕದಲ್ಲಿ ಗುಂಯ್‌ಗುಟ್ಟುತ್ತಲೇ ಇರುತ್ತದೆ. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಸಾಗಿಸಕೂಡದೆಂದು ವಾಟ್ಸಾಪಿನವರು 2018ರಲ್ಲಿ ಕಟ್ಟುಮಾಡಿದಾಗ, ಈತನು ಎದೆಗುಂದದೆ ಐದೈದರ ಕಂತಿನಲ್ಲಿ ಲೋಕಶಿಕ್ಷಣವನ್ನು ಮುಂದುವರಿಸಿದನು. ತರಗತಿಯಲ್ಲಿ ಮಾತನಾಡಬೇಕಾದರೆ ಎದ್ದು ನಿಲ್ಲಬೇಕಾಗಿತ್ತು, ನಲವತ್ತು ಮುಖಗಳು ಹಿಂದಿರುಗಿ ನೋಡುತ್ತಿದ್ದುವು. ಇಲ್ಲಿ ಮಲಗಿಕೊಂಡೇ ಜಗತ್ತನ್ನು ತಿದ್ದಬಹುದು. ಅಂದಿನ ಮಾನೀಟರನೇ ಇಂದು ಗುಂಪಿನ ಅಡ್ಮಿನ್ ಆಗಿರುವನಾದರೂ, ಪಾಪ, ಅವನಿಗೆ ಕಪ್ಪುಹಲಗೆಯಿಲ್ಲ.

ಹೀಗಿರಲು, ಕಳೆದ ಆಗಸ್ಟಿನಲ್ಲಿ ಯಾರೋ ಪುಣ್ಯಾತ್ಮರು ವಯೋವೃದ್ಧರಾದ ಆ ಕನ್ನಡ ಮೇಷ್ಟ್ರನ್ನೂ ಗುಂಪಿಗೆ ಸೇರಿಸಿದರು. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠವೆಂದು ಯುನೆಸ್ಕೋ ಸಾರಿತೆಂಬ, ಸ್ವಾತಂತ್ರ್ಯೋತ್ಸವಕ್ಕೂ ಗಣರಾಜ್ಯೋತ್ಸವಕ್ಕೂ ತಪ್ಪದೆ ಫಲ ಬಿಡುವ ಹಳೆಯ ಸುಳ್ಳನ್ನು ವಾಚಸ್ಪತಿಯು ಅಂದೇ ಹರಿಯಬಿಟ್ಟಿದ್ದನು.

“ಇದನ್ನು ಎಲ್ಲಿ ಓದಿದೆಯಪ್ಪ?” ಎಂದು ಮೇಷ್ಟ್ರು ಬರೆದರು.

ಗುಂಪು ಸ್ತಬ್ಧವಾಯಿತು. ಆತನು ಏನನ್ನೋ ಬರೆಯುತ್ತಿರುವನೆಂಬ ಸೂಚನೆ ಪರದೆಯ ಮೇಲೆ ಮೂರು ಬಾರಿ ಮೂಡಿ ಮೂರು ಬಾರಿಯೂ ಅಳಿಯಿತು. “ಸುಳ್ಳು ಅಂತ ಒಪ್ಪಿಕೊಂಡುಬಿಡೋ ಮಾರಾಯ” ಎಂದು ನಾವು ಮೂವರು ಅವನಿಗೆ ಪ್ರತ್ಯೇಕವಾಗಿ ಪಿಸುಗುಟ್ಟಿದೆವು. ಕಾಲು ಗಂಟೆಯಾದ ಮೇಲೆ ಕೈಮುಗಿದ ಚಿತ್ರವೊಂದು ಬಂದಿತು.

ಮೇಷ್ಟ್ರು ಬರೆದರು: “ಕೂತುಕೋ.”