ಕಿವಿಯೊಳಗಿನ ಜೀರುಂಡೆ

ರಾತ್ರಿ ದೀಪ ಆರಿಸಿದ್ದೇ ತಡ, ನನ್ನ ಎಡಗಿವಿಯಲ್ಲಿ ಜೀರುಂಡೆ ಕಚೇರಿ ಶುರು. ಮೊದಮೊದಲು ಫ್ರಿಜ್ಜಿನ ಮೇಲೆ ಅನುಮಾನಪಟ್ಟು, ಎದ್ದು ಹೋಗಿ ಪ್ಲಗ್ ಕಿತ್ತೆ. 'ಕುಂಯ್' ನಿಲ್ಲಲಿಲ್ಲ, ಬೆಳಿಗ್ಗೆ ಹಾಲು ಮಾತ್ರ ಒಡೆದಿತ್ತು. ಆಮೇಲೆ ಯುಪಿಎಸ್, ಮೊಬೈಲ್ ಚಾರ್ಜರ್, ಪಕ್ಕದ ಮನೆಯ ಪಂಪು ಎಲ್ಲವನ್ನೂ ವಿಚಾರಣೆಗೆ ಒಳಪಡಿಸಿದೆ. "ಏನ್ರೀ ಇದು, ನಡುರಾತ್ರಿ ಗೋಡೆಗೆ ಕಿವಿ ಆನಿಸ್ಕೊಂಡು ನಿಂತಿದೀರಿ? ಪಕ್ಕದ ಮನೆಯವರು ಏನಂದ್ಕೋಬೇಕು!" ಎಂದಳು ಹೆಂಡತಿ.

ಡಾಕ್ಟರು ಇದಕ್ಕೆ ಟಿನಿಟಸ್ ಎಂದು ನಾಮಕರಣ ಮಾಡಿದರು. ಒಳಗಿವಿಯ ರೋಮಕೋಶಗಳು ಸವೆದು ಮೆದುಳಿಗೆ ಸುದ್ದಿ ಕಡಿಮೆಯಾದಾಗ, ಅದು ತಾನೇ ವಾಲ್ಯೂಮು ಏರಿಸಿಕೊಳ್ಳುತ್ತದಂತೆ. ಉದುರಿದ ರೋಮಕೋಶ ಮತ್ತೆ ಹುಟ್ಟುವುದಿಲ್ಲವಂತೆ. ಆ ಬಗೆಯ ಅನುಭವ ನನ್ನ ನೆತ್ತಿಗೆ ಮೊದಲೇ ಇತ್ತು. ಬೆಥೋವನ್ ಕೂಡ 1801ರಲ್ಲಿ ಗೆಳೆಯನಿಗೆ ಕಾಗದ ಬರೆದು, ಹಗಲೂ ರಾತ್ರಿ ಕಿವಿ ಗುಂಯ್‌ಗುಡುತ್ತದೆ ಎಂದು ಗೋಳಾಡಿದ್ದ. ಆತ ಆ ಗದ್ದಲದಲ್ಲೇ ಸಿಂಫನಿ ಬರೆದ; ನಾನು ಹಾಲಿನ ಲೆಕ್ಕವನ್ನೂ ತಪ್ಪು ಬರೆಯುತ್ತೇನೆ.

ನನಗೆ ಒಗ್ಗಿದ ಮದ್ದು ಹಳೇ ಫ್ಯಾನಿನ ಕಟಕಟ. ಅದಕ್ಕೆ ಎಣ್ಣೆ ಬಿಡಲು ಬಂದ ಎಲೆಕ್ಟ್ರಿಷಿಯನ್ನನ್ನು ಬರೀ ಕಾಫಿ ಕುಡಿಸಿ ಸಾಗಹಾಕಿದ್ದೇನೆ. ಡಿಸೆಂಬರಿನ ಚಳಿಯಲ್ಲೂ ಅದು ತಿರುಗಲೇಬೇಕು. ಹೆಂಡತಿ ಎರಡು ರಗ್ಗಿನಡಿ ನನ್ನನ್ನು ಶಪಿಸುತ್ತಾ ಮುದುರಿರುತ್ತಾಳೆ. ಮೊನ್ನೆ ನಡುರಾತ್ರಿ ಕರೆಂಟು ಹೋಯಿತು, ಫ್ಯಾನು ನಿಂತಿತು. ಜೀರುಂಡೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದ ರಗ್ಗಿನಿಂದ ಗೊರಕೆ ಎದ್ದಿತು. ಮೂವತ್ತು ವರ್ಷ ಬೈದುಕೊಂಡ ಗೊರಕೆ! ಇನ್ನೊಂಚೂರು ಹತ್ತಿರಕ್ಕೆ ಸರಿದು ಮಲಗಿದೆ.