ಭಾವನ ತೇಗು

ಔಷಧಿ ಡಬ್ಬಿಯೊಳಗಿನ ಚೀಟಿಯನ್ನು ಒಮ್ಮೆ ಬಿಚ್ಚಿದರೆ ಮತ್ತೆ ಅದೇ ಮಡಿಕೆಗೆ ತರುವುದು ಯಾರಿಂದಲೂ ಆಗದು. ಬಹುಶಃ ಅದಕ್ಕೇ ಯಾರೂ ಬಿಚ್ಚುವುದಿಲ್ಲ. ನಮ್ಮ ಭಾವ ಮಾತ್ರ ಬಿಚ್ಚಿದರು. ಆಡಿಟ್ ಇಲಾಖೆಯಲ್ಲಿ ನಿವೃತ್ತರಾದವರು. ಸಣ್ಣಕ್ಷರ ಕಂಡರೆ ಅವರಿಗೆ ಅದೇನೋ ಹುರುಪು. ಅದು ಸೆಮಗ್ಲುಟೈಡ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯ ಚೀಟಿ. ವಾಕರಿಕೆ, ವಾಂತಿ ಎಂದು ಓದುತ್ತ ಬಂದವರು ತಟ್ಟನೆ ನಿಂತು, "ಭೇದಿಯೂ ಅಂತೆ, ಮಲಬದ್ಧತೆಯೂ ಅಂತೆ. ಎರಡರಲ್ಲಿ ಒಂದು ತೀರ್ಮಾನಕ್ಕೆ ಬರಬಾರದೇ ಇವರು?" ಎಂದು ಆಕ್ಷೇಪಣೆ ಎತ್ತಿದರು.

ಚೀಟಿಯಲ್ಲಿ ಇಲ್ಲದ ಅಡ್ಡಪರಿಣಾಮ ಮೊದಲು ಆದದ್ದು ಕಾಫಿಯ ಮೇಲೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಅರ್ಧ ಲೋಟ ಮೀರದ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಏನನ್ನೂ ಮುಟ್ಟದೆ ಕೂರಬೇಕು. ಒಳಗೆ ಡಿಕಾಕ್ಷನ್ ಇಳಿಯುತ್ತಿರುವಾಗ ಅರ್ಧ ಗಂಟೆ! ಭಾವ ಪೇಪರಿನ ಟೆಂಡರ್ ಪ್ರಕಟಣೆಗಳನ್ನೂ ಬಿಡದೆ ಓದಿ, ಇಡೀ ರಾಜ್ಯದ ಮೇಲೆ ಸಿಟ್ಟಾಗತೊಡಗಿದರು. ಡಾಕ್ಟರು ವಾರಕ್ಕೊಮ್ಮೆಯ ಇಂಜೆಕ್ಷನ್ನಿಗೆ ಬದಲಾಯಿಸಿದಾಗ ನಿಟ್ಟುಸಿರು ಬಿಟ್ಟವಳು ಅಕ್ಕ.

ಹಾಗೆ ಫ್ರಿಜ್ಜಿನ ಬಾಗಿಲಲ್ಲಿ, ಮಲ್ಲಿಗೆ ಪೊಟ್ಟಣದ ಪಕ್ಕ, ಪೆನ್ನೊಂದು ಬಂದು ಕೂತಿತು. ಭಾನುವಾರ ಸ್ನಾನ ಮುಗಿಸಿ ಭಾವ ಬನಿಯನ್ ಎತ್ತಿ, ಪೆನ್ನಿನ ತುದಿಯನ್ನು ಕಿರ್ರೆಂದು 0.25ಕ್ಕೆ ತಿರುಗಿಸಿ, ಹೊಟ್ಟೆಗೆ ಚುಚ್ಚಿ, ಸೊನ್ನೆ ಕಂಡ ಮೇಲೂ ಗಟ್ಟಿಯಾಗಿ ಆರು ಎಣಿಸುತ್ತಾರೆ. ಹೊಟ್ಟೆ ಒಗ್ಗಲಿ ಎಂದೇ ಮೊದಲ 4 ವಾರ ಅಷ್ಟು ಕಡಿಮೆ. ಊಟವಾದಾಗ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಈ ಮದ್ದು ಅನುಕರಿಸುತ್ತದೆ: ಮಿದುಳಿಗೆ 'ಸಾಕು' ಅನ್ನುತ್ತದೆ, ಉಂಡದ್ದು ಹೊಟ್ಟೆಯಿಂದ ಕೆಳಗಿಳಿಯುವುದನ್ನು ನಿಧಾನಿಸುತ್ತದೆ. ಈ ಜಾತಿಯ ಮೊದಲ ಔಷಧಿ ಎಕ್ಸೆನಟೈಡ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2005ರಲ್ಲಿ. ಅದರ ಮೂಲ ಅಲ್ಲಿಯ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲು. ವರ್ಷಕ್ಕೆ ಕೆಲವೇ ಸಲ ಉಂಡು ಬದುಕಬಲ್ಲ ಪ್ರಾಣಿ ಅದು. ಭಾವನ ಮದ್ದಿನಲ್ಲಿ ಹಲ್ಲಿಯ ಅಂಶ ಇಲ್ಲವೆಂದು ನಾನು ಎಷ್ಟು ಹೇಳಿದರೂ ಅಕ್ಕ ಹಾಲಿನ ಪಾತ್ರೆಯನ್ನು ಕೆಳಗಿನ ಅರೆಗೆ ಸಾಗಿಸಿದಳು.

2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ತೂಕ ಇಳಿಸಲು ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಚುಚ್ಚಿಕೊಂಡವರ ಪೈಕಿ ನೂರಕ್ಕೆ ಸುಮಾರು 44 ಮಂದಿಗೆ ವಾಕರಿಕೆ ಬಂತು. ಮದ್ದೇ ಇಲ್ಲದ ಹುಸಿ ಇಂಜೆಕ್ಷನ್ ಪಡೆದವರಲ್ಲೂ 17 ಮಂದಿಗೆ ಬಂತಂತೆ! ಆ ಹದಿನೇಳು ಜನರ ಮೇಲೆ ನನಗೆ ವಿಶೇಷ ಪ್ರೀತಿ.

ಭಾವನಿಗೆ ಬಂದದ್ದು ತೇಗು. ಬೀಗರ ಮನೆಯ ಮದುವೆಯಲ್ಲಿ ಅರ್ಧ ಹೋಳಿಗೆಗೇ ಕೈ ಅಡ್ಡ ಹಿಡಿದಾಗ ಬಡಿಸುವವರ ಮುಖ ಬಾಡಿತು. "ಸಂಕೋಚ ಮಾಡ್ಬೇಡಿ ರಾಯರೇ, ತುಪ್ಪ ಹಾಕಲಾ?" ಅಷ್ಟರಲ್ಲಿ ಪಂಕ್ತಿಗೆಲ್ಲ ಕೇಳುವಂತೆ ದೊಡ್ಡದೊಂದು ತೇಗು ಬಂತು. ಬೀಗರು ಓಡಿಬಂದು, "ತೃಪ್ತಿಯಾಯ್ತಲ್ಲ, ಅಷ್ಟೇ ಸಾಕು" ಎಂದು ಕೈಮುಗಿದರು. ಆ ತೇಗಿನಲ್ಲಿದ್ದ ಕೊಳೆತ ಮೊಟ್ಟೆಯ ವಾಸನೆ ಭಾವನಿಗೂ, ಪಕ್ಕದ ಎಲೆಯಲ್ಲಿದ್ದ ನನಗೂ ಮಾತ್ರ ಗೊತ್ತು.

ಎಲ್ಲವೂ ನಗೆಯಲ್ಲಿ ತೇಲಿಸುವಂಥದ್ದಲ್ಲ. ಬೆನ್ನಿಗೂ ಹಬ್ಬುವ ಬಿಡದ ಹೊಟ್ಟೆನೋವು ಮೇದೋಜೀರಕದ ಉರಿಯೂತವಿರಬಹುದು. ಪಿತ್ತಕೋಶದ ಕಲ್ಲು ಇನ್ನೊಂದು ಕಾಟ. ಆಪರೇಷನ್ ಇದ್ದರೆ ಅರಿವಳಿಕೆಯ ಡಾಕ್ಟರಿಗೆ ಮೊದಲೇ ಹೇಳಬೇಕು, ರಾತ್ರಿಯೆಲ್ಲ ಉಪವಾಸವಿದ್ದರೂ ಹೊಟ್ಟೆ ಖಾಲಿಯಾಗಿರದೇ ಇರಬಹುದು. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಹಾಗೆಂದೇ ಅಕ್ಕನ ಮನೆಯಲ್ಲೀಗ ದಿನಾ ಹೆಸರುಕಾಳಿನ ಉಸಲಿ. ಮದ್ದು ಒಬ್ಬರಿಗೆ, ಪಥ್ಯ ಮನೆಮಂದಿಗೆಲ್ಲ.

ಪ್ಯಾಂಟುಗಳು ಸೊಂಟದಲ್ಲಿ ನಿಲ್ಲದಾದಾಗ ಭಾವ ಆರನ್ನೂ ಟೈಲರ್ ಮುಂದೆ ಸುರಿದು, ಹೆಚ್ಚಿನ ಬಟ್ಟೆ ಕತ್ತರಿಸಿಬಿಡಲು ಹೇಳಿದರು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಹಿಂದಿರುಗಿದ್ದನ್ನು ಅದೇ ಪ್ರಯೋಗದವರು ಆಮೇಲೆ ಬರೆದಿದ್ದಾರೆ. ಟೈಲರ್ ಅದನ್ನು ಓದಿರಲಾರ. ಟೇಪನ್ನು ಕೊರಳಿಗೆ ಹಾಕಿಕೊಂಡು ಹೇಳಿದ: "ಕತ್ತರಿಸೋದು ಬೇಡ ಸಾರ್. ಒಳಗೆ ಮಡಚಿ ಹೊಲೀತೀನಿ. ಬಿಚ್ಚೋದಕ್ಕೆ ದುಡ್ಡು ತಗೊಳ್ಳಲ್ಲ."